ಬಚ್ಚಲ ಒಲೆಯ ಬಂಗುಡೆ

ಗ್ಯಾಸಿನ ಉರಿಯಲ್ಲಿ ಒಣ ಬಂಗುಡೆ ಮೀನು ಸುಡುವಾಗ ಇಂದಿಗೂ ನನ್ನ ಕೈ ತಾನಾಗಿಯೇ ಬಾಯಿ ಒರೆಸಿಕೊಳ್ಳುತ್ತದೆ.

ಕೋಟೇಶ್ವರದ ನಮ್ಮ ಮನೆಯಲ್ಲಿ ಚಳಿ ಶುರುವಾದರೆ ಬಚ್ಚಲ ಒಲೆ ಇಡೀ ದಿನ ಆರುತ್ತಿರಲಿಲ್ಲ. ಹಂಡೆಯ ಬಿಸಿಗೆ ಬೆನ್ನು ಕೊಟ್ಟು ಕೂರುವುದು, ಬಿಸಿ ಬೂದಿಯಲ್ಲಿ ಗೆಣಸು ಹೂಳಿ ಕಾಯುವುದು, ಇದೇ ನನ್ನ ಸುಖ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಗೆಣಸು ಹಿಡಿದುಕೊಂಡು ಹೋಗಿ ಬಚ್ಚಲಿನ ಬಾಗಿಲು ತಳ್ಳಿದೆ.

ಒಲೆಯ ಮುಂದೆ ಅಜ್ಜಿ ಕುಕ್ಕರಗಾಲಲ್ಲಿ ಕೂತು ಸುಟ್ಟ ಬಂಗುಡೆ ತಿನ್ನುತ್ತಿದ್ದರು.

ಅಜ್ಜ ತೀರಿಕೊಂಡ ದಿನವೇ ಮೀನು ಬಿಟ್ಟವರು ಅಜ್ಜಿ. ಊರಿನ ಹೆಂಗಸರಿಗೆಲ್ಲ ಅವರದೇ ಉದಾಹರಣೆ. ನನ್ನ ಕೈಯಿಂದ ಜಾರಿದ ಗೆಣಸು ಉರುಳಿ ಅವರ ಕಾಲ ಬಳಿ ನಿಂತಿತು.

"ಬಾಗ್ಲ್ ಹಾಕ್ ಮಗಾ," ಎಂದರು ಅಜ್ಜಿ. "ಚಳಿ ಬಂದ್ರೆ ತಡುಕಾತಿಲ್ಲೆ."

ಮುಳ್ಳು ಬಿಡಿಸಿ ಒಂದು ತುಂಡನ್ನು ನನ್ನ ಬಾಯಿಗಿಟ್ಟರು. ಉಪ್ಪು, ಹೊಗೆ, ಬೂದಿ. ನುಂಗುವುದೋ ಉಗುಳುವುದೋ ತಿಳಿಯದೆ ನಿಂತೆ.

ಅಷ್ಟರಲ್ಲಿ ಅಪ್ಪ ಕರೆದರು. ಜಗಲಿಗೆ ನೆಂಟರು ಬಂದಿದ್ದರು. ನಾವಿಬ್ಬರೂ ಹೊರಗೆ ಬರುತ್ತಿದ್ದಂತೆ ಅಪ್ಪ ಅವರಿಗೆ ಹೇಳಿದರು: "ಅಮ್ಮ ಮೀನ್ ಮುಟ್ಟದೆ ಒಂಬತ್ ವರ್ಷ ಆಯ್ತ್. ಒಂದಿನ ಆಸೆ ಪಟ್ಟದ್ದಿಲ್ಲೆ."

ನೆಂಟರಲ್ಲಿ ಹಿರಿಯರೊಬ್ಬರು ಎದ್ದು ಅಜ್ಜಿಗೆ ಕೈಮುಗಿದರು. ಅಜ್ಜಿ ಅವರತ್ತ ನೋಡಲಿಲ್ಲ. ನನ್ನನ್ನು ಹತ್ತಿರ ಎಳೆದುಕೊಂಡು, ನನ್ನ ಬಾಯಿಗೆ ಅಂಟಿದ್ದ ಬೂದಿಯನ್ನು ಸೆರಗಿನಿಂದ ನಿಧಾನವಾಗಿ ಒರೆಸಿದರು.

ಅಜ್ಜಿಯ ತುಟಿಯ ಮೇಲಿನ ಬೂದಿ ಹಾಗೇ ಇತ್ತು.