ಊದುಗೊಳವೆಯ ತುದಿ

ಬಳೆಯ ಬೆಸುಗೆ ಇನ್ನೇನು ಕರಗಬೇಕು ಅನ್ನುವಾಗ ಅಕ್ಕಸಾಲಿಗ ಅಣ್ಣನಿಗೆ ಉಸಿರು ಕೈಕೊಟ್ಟಿತು. ಬಾಯಲ್ಲಿದ್ದ ಊದುಗೊಳವೆ ಜಾರಿ, ದೀಪದ ಉರಿ ಕುಗ್ಗಿತು. ಎಚ್‌ಐವಿ ಇದ್ದ ಮೈಗೆ ಮೇಲಿಂದ ಮೇಲೆ ನ್ಯುಮೋನಿಯಾ ಬಂದುಹೋದ ಮೇಲೆ ಅವನ ಎದೆಯಲ್ಲಿ ಅರ್ಧ ಉಸಿರೂ ನಿಲ್ಲುತ್ತಿರಲಿಲ್ಲ. "ಹಿಡಿಯೋ, ಕೆಟ್ಟುಹೋಗುತ್ತೆ!" ಎಂದು ಕೆಮ್ಮುತ್ತಲೇ ಕೊಳವೆಯನ್ನು ಪಕ್ಕದಲ್ಲಿ ಕೂತಿದ್ದ ತಮ್ಮನತ್ತ ಚಾಚಿದ.

ತಮ್ಮ ತಟ್ಟನೆ ಕಿತ್ತುಕೊಂಡ. ಚಹಾದಂಗಡಿಯವನು ಅಣ್ಣನಿಗೆ ಬೇರೆ ಲೋಟ ತಂದಿಟ್ಟ ದಿನ, "ತಲೆ ನೆಟ್ಟಗಿದೆಯೇನಯ್ಯಾ? ಎಂಜಲಿಂದ ಹರಡಲ್ಲ ಇದು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿ, ಅಣ್ಣ ಅರ್ಧ ಕುಡಿದು ಉಳಿಸಿದ್ದ ಚಹಾವನ್ನು ಗಟಗಟ ಕುಡಿದವನು ಇವನೇ. ಈಗ ಎದುರಿಗೆ ಹೊರಗಿನವರು ಯಾರೂ ಇರಲಿಲ್ಲ. ಬಾಯಿಗಿಡುವ ತುದಿಯನ್ನು ಅವನ ಕೈ ತಾನಾಗಿಯೇ ಅಂಗಿಗೆ ಒರೆಸಿತು. ಮತ್ತೊಮ್ಮೆ, ಗಟ್ಟಿಯಾಗಿ ಒರೆಸಿತು. ಆಮೇಲೆ ಊದಿದ. ಬೆಸುಗೆ ಕರಗಿ ಹರಿಯಿತು.

ತಲೆಯೆತ್ತಿದರೆ ಅಣ್ಣ ಅವನನ್ನೇ ನೋಡುತ್ತಿದ್ದ. ತಮ್ಮನ ಮುಖ ಬಿಳಿಚಿಕೊಂಡಿತು. "ಅಣ್ಣಾ, ನಾನು..."

"ಮಸಿ ಹತ್ತಿತ್ತು ಕಣೋ," ಅಂದ ಅಣ್ಣ, ಒಂದೊಂದು ಮಾತಿಗೂ ಎಲ್ಲಿಂದಲೋ ಉಸಿರು ಎಳೆದು ತರುತ್ತಾ. "ಒರೆಸಿದ್ದು... ಒಳ್ಳೇದೇ ಆಯ್ತು ಬಿಡು."