ಗೋಡೆಗೆ ಹೇಳಿದ ಗುಟ್ಟು

ಕೇಳಿದ್ದನ್ನು ಒಂದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು, ಮರುವರ್ಷ ಅದೇ ದಿನ ಅದೇ ಹೊತ್ತಿಗೆ ಕಕ್ಕಿಬಿಡುವುದು ಆ ಇಗರ್ಜಿಯ ಗೋಡೆಗಳ ಜಾಯಮಾನ. ಹಬ್ಬದ ಗಾಯನವನ್ನು ಧ್ವನಿಮುದ್ರಿಸಲು ಬಂದ ಹಿಲ್ಡಾಳಿಗೆ ಗಾಯಕರ ಸಾಲಿನಲ್ಲಿ ಒಬ್ಬ ಗಂಡಸೂ ಕಾಣಲಿಲ್ಲ.

“ಗಂಡಸರು ಮೀನಿಗೆ ಹೋದರೆ ಎಂತಾಯ್ತು ಮಾರಾಯ್ತಿ? ಹೋದ ವರ್ಷವೇ ಹಾಡಿಸಿಟ್ಟಿದ್ದೇನೆ,” ಎಂದು ಹಾಡಿಸುವ ಸಿಪ್ರಿಯನ್ ಬೀಗಿದ.

ಹೆಂಗಸರು ಹಾಡತೊಡಗಿದರು. ಗೋಡೆಯೂ ಗಂಡುದನಿಯಲ್ಲಿ ತಾಳ ತಪ್ಪದೆ ಕೂಡಿಕೊಂಡಿತು. ನಡುವೆಯೇ ಸಿಪ್ರಿಯನ್‌ನ ಹಳೆಯ ಕೂಗೂ ಗುಡುಗಿತು: “ಬಿಷಪ್ಪರ ಗೊರಕೆಗಿಂತ ಜೋರಾಗಿ ಹಾಡ್ರೋ!”

ಮುಂದಿನ ಕುರ್ಚಿಯಲ್ಲಿ ಗೊರಕೆ ನಿಂತಿತು.

ಬಿಷಪ್ಪರು ನಿಧಾನವಾಗಿ ಎದ್ದುಹೋಗಿ, ಗೋಡೆಗೆ ಬಾಯಿಟ್ಟು ಬಹಳ ಹೊತ್ತು ಪಿಸುಗುಟ್ಟಿದರು. ಹಿಲ್ಡಾ ಮೈಕು ಚಾಚಿದರೂ ಒಂದಕ್ಷರ ಸಿಗಲಿಲ್ಲ.

“ಉತ್ತರ ಬರುವ ವರ್ಷ ಕೇಳ್ತದೆ ಮಗಾ,” ಎಂದು ಅವರು ಸಿಪ್ರಿಯನ್‌ನ ಬೆನ್ನು ತಟ್ಟಿದರು. “ಊರವರನ್ನೆಲ್ಲ ಕರಿ.”