ಮಾರ್ಥಮ್ಮ ಮೊದಲು ಕುಡಿದ ದಿನ

ಒಣದ್ರಾಕ್ಷಿ ಕುದಿಯುವ ವಾಸನೆ ಬಂದರೆ ಈಗಲೂ ತರೀಕೆರೆಯ ನಮ್ಮ ಚಿಕ್ಕ ಚರ್ಚು ನೆನಪಾಗುತ್ತದೆ. ಕಡೂರಿನ ಆರಾಧನೆ ಮುಗಿಸಿ ಪಾಸ್ಟರ್ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭುಭೋಜನದ ದಿನ, ಒಣದ್ರಾಕ್ಷಿ ಕುದಿಸಿ ಮಾಡಿದ ದ್ರಾಕ್ಷಾರಸವನ್ನು ಎಲ್ಲರೂ ಒಂದೇ ಬಟ್ಟಲಿನಿಂದ ಕುಡಿಯುತ್ತಿದ್ದರು. ಊರಿನ ಚರಂಡಿ ತೊಳೆಯುತ್ತಿದ್ದ ಮಾರ್ಥಮ್ಮನ ಸರದಿ ಯಾವಾಗಲೂ ಕೊನೆಗೆ ಬರುತ್ತಿತ್ತು. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ.

ಒಂದು ವಾರ ಅವಳ ಗಂಡ ಪಾಯಿಖಾನೆಯ ಗುಂಡಿಗೆ ಇಳಿದವನು ಉಸಿರುಕಟ್ಟಿ ಸತ್ತಿದ್ದ. ಆ ಭಾನುವಾರ ಪ್ರಭುಭೋಜನಕ್ಕೆ ಅವಳು ಎಲ್ಲರಿಗಿಂತ ಮುಂದೆ ಬಂದು ನಿಂತಳು.

"ನೀನು ಆಮೇಲೆ ಬಾರಮ್ಮ," ಎಂದರು ಸಭೆಯ ಹಿರಿಯರೊಬ್ಬರು.

"ಗುಂಡಿಗಿಳಿಯೋಕೆ ನಮ್ಮನ್ನೇ ಮೊದ್ಲು ಕರೀತೀರಲ್ಲಣ್ಣ," ಎಂದಳು ಮಾರ್ಥಮ್ಮ.

ಪಾಸ್ಟರ್ ಬಟ್ಟಲು ಕೊಟ್ಟರು. ಅವಳು ಕುಡಿದ ಮೇಲೆ, ಎಲ್ಲರಿಗೂ ಮಾಡುವಂತೆ, ಅದರ ಅಂಚನ್ನು ಬಿಳಿ ಬಟ್ಟೆಯಿಂದ ಒರೆಸಿದರು.

"ಇನ್ನೊಂದ್ಸಲ ಒರ್ಸಿ ಅಯ್ನೋರೆ," ಎಂದರು ಹಿರಿಯರು.

ಮಾರ್ಥಮ್ಮನ ಹಿಂದೆ ನಿಂತಿದ್ದ ನನ್ನ ಅಜ್ಜಿ ಕೈ ಚಾಚಿದಳು. "ಏನ್ ಮಡಿ ಕಣಪ್ಪ ನಿಂದು! ಯೇಸಪ್ಪ ಇನ್ನೊಬ್ರ ಕಾಲು ತೊಳ್ದ, ನೀನು ಬಟ್ಲು ತೊಳ್ಸೋಕೆ ನಿಂತಿದ್ದೀಯ. ಕೊಡಿ ಅಯ್ನೋರೆ ಇಲ್ಲಿ."

ಅಜ್ಜಿ ಕುಡಿದಳು. ಸ್ವಲ್ಪ ಹೊತ್ತಿನ ಮೇಲೆ ಕೆಲವರು ಎದ್ದು ಬಂದರು. ಅಮ್ಮ ಬೆಂಚಿನಿಂದ ಏಳಲಿಲ್ಲ. ಕಣ್ಣರಳಿಸಿಕೊಂಡು ಎಚ್ಚರವಾಗಿಯೇ ಇದ್ದ ತಮ್ಮನನ್ನು ತಟ್ಟಿ ತಟ್ಟಿ ಮಲಗಿಸುತ್ತಿದ್ದಳು.